ಹಳೆಯ ಗಣಕಯಂತ್ರಕ್ಕೆ ಹೊರಗಿನ ಹೆಪ್ಪು

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಹೆಪ್ಪು ಎಂದರೆ ಬೇರೆ ಯಾವ ಪದಾರ್ಥವೂ ಅಲ್ಲ. ನಿನ್ನೆಯ ಮೊಸರಿನಲ್ಲಿ ಉಳಿಸಿಟ್ಟ ಒಂದು ಚಮಚ. ಅಂದ ಮೇಲೆ ಮೊಸರಿಲ್ಲದೆ ಮೊಸರು ಹುಟ್ಟದು. ಮನೆಯ ಹೆಪ್ಪು ಕೆಟ್ಟುಹೋದ ದಿನ ನಮ್ಮ ತಾಯಂದಿರು ಏನು ಮಾಡುತ್ತಾರೆ? ನೆರೆಮನೆಯಿಂದ ಒಂದು ಬಟ್ಟಲು ಮೊಸರನ್ನು ತರಿಸಿ ಕೆಲಸ ಸಾಗಿಸುತ್ತಾರೆ. ಮರುದಿನದಿಂದ ಮನೆಯ ಮೊಸರೇ ಮನೆಗೆ ಹೆಪ್ಪಾಗುತ್ತದೆ.

ಗಣಕಯಂತ್ರದ ಪ್ರಾರಂಭದಲ್ಲಿಯೂ ಇಂಥದೇ ಒಂದು ತೊಡಕುಂಟು. ಡಿಸ್ಕಿನಲ್ಲಿರುವ ಕ್ರಮವಿಧಿಗಳನ್ನು ಓದಿ ಯಂತ್ರದ ಸ್ಮೃತಿಗೆ ತರುವ ಕೆಲಸ ಆಪರೇಟಿಂಗ್ ಸಿಸ್ಟಮಿನದು. ಆದರೆ ಆ ಆಪರೇಟಿಂಗ್ ಸಿಸ್ಟಮ್ ಸ್ವತಃ ಡಿಸ್ಕಿನಲ್ಲಿಯೇ ಇರುತ್ತದೆ. ಹಾಗಾದರೆ ಅದನ್ನು ಓದಿ ತರುವವರು ಯಾರು? ಈ ತೊಡಕನ್ನು ಬಿಡಿಸುವ ಕ್ರಿಯೆಗೆ ‘ಬೂಟ್’ ಮಾಡುವುದೆಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸದ ನೆನಪು ಆ ಹೆಸರಿನಲ್ಲಿದೆ. ಯಂತ್ರದೊಳಗಿನ ಹೆಪ್ಪು ಕೆಟ್ಟಾಗ ಹೊರಗಿನಿಂದ ಒಂದು ಬಟ್ಟಲು ಹೆಪ್ಪನ್ನು ತರುವುದು ಹೇಗೆ, ಅಂದರೆ ಹಳೆಯ ಆಪರೇಟಿಂಗ್ ಸಿಸ್ಟಮಿನ ಯಂತ್ರವನ್ನು ಎಬ್ಬಿಸಬಲ್ಲ ಹೊರಗಿನ ಡ್ರೈವನ್ನು ಸಿದ್ಧಪಡಿಸುವುದು ಹೇಗೆ, ಎಂಬುದನ್ನು ವಿವರಿಸುವುದೇ ಈ ಪಾಠದ ಉದ್ದೇಶ.

ಒಂದು ಪ್ರಸಂಗ

ಆಳಂದದ ಪೇಟೆಯಲ್ಲಿ ಒಂದು ಸಣ್ಣ ಡಿ.ಟಿ.ಪಿ. ಅಂಗಡಿಯಿದೆಯೆಂದು ಭಾವಿಸೋಣ. ಅಲ್ಲಿಯ ಗಣಕ ೨೦೦೪ರಲ್ಲಿ ಕೊಂಡದ್ದು. ಪೆಂಟಿಯಮ್ ೪ ಸಂಸ್ಕಾರಕ, ೪೦ ಗಿಗಾಬೈಟಿನ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಪುಟ ಜೋಡಿಸಲು ಪೇಜ್‌ಮೇಕರ್ ೭, ಅಕ್ಷರಕ್ಕೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಮದುವೆಯ ಕರೆಯೋಲೆ, ಉರುಸಿನ ಭಿತ್ತಿಪತ್ರ, ಗಾಣಗಾಪುರಕ್ಕೆ ಹೋಗುವ ಭಕ್ತರಿಗಾಗಿ ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ, ಎಲ್ಲವೂ ಆ ಯಂತ್ರದಲ್ಲಿಯೇ ಸಿದ್ಧವಾದವು. ಇವುಗಳ ನಡುವೆ ಒಂದು ಅಮೂಲ್ಯ ವಸ್ತುವೂ ಇದೆ: ಜೇವರ್ಗಿ ಸೀಮೆಯ ಭಜನಾ ಮೇಳಗಳವರ ಬಾಯಿಂದ ಬರೆದುಕೊಂಡ ತತ್ತ್ವಪದಗಳ ಸಂಗ್ರಹ. ಅಚ್ಚಾದ ಪ್ರತಿಗಳು ತೀರಿಹೋಗಿವೆ. ಬರೆದುಕೊಂಡ ವಹಿಗಳಿಗೆ ಗೆದ್ದಲು ಹತ್ತಿದೆ. ಹಾಡಿದ ಹಿರಿಯರಲ್ಲಿ ಕೆಲವರು ಈಗ ಇಲ್ಲ. ಆ ಪದಗಳ ಪೂರ್ಣ ಪಾಠ ಉಳಿದಿರುವುದು ಆ ೪೦ ಗಿಗಾಬೈಟಿನ ಡಿಸ್ಕಿನಲ್ಲಿ ಮಾತ್ರ.

ಬೇಸಗೆಯ ಒಂದು ಸಂಜೆ ಗುಡುಗು ಮಿಂಚಿನ ನಡುವೆ ವಿದ್ಯುತ್ತು ಹೋಯಿತು. ಮರುದಿನ ಗುಂಡಿಯೊತ್ತಿದಾಗ ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಒಂದೇ ಸಾಲು ಮೂಡಿತು: ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’. ನೋಡಿದವರೆಲ್ಲರೂ ಹೇಳಿದ್ದು ಒಂದೇ: ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ತುಂಬಿರಿ. ಅಫಜಲಪುರದ ಕಾಲೇಜಿನಲ್ಲಿ ಓದುತ್ತಿರುವ ಅಣ್ಣನ ಮಗಳು ಮಾತ್ರ ತಡೆದಳು. “ಕಾಕಾ, ಫಾರ್ಮ್ಯಾಟ್ ಮಾಡಬ್ಯಾಡ್ರಿ. ಮೊದಲ ಒಳಗಿದ್ದದ್ದು ಹೊರಗ ತಗೊಳ್ಳೂಣು” ಎಂದಳು.

ಅವಳ ಮಾತು ಶಾಸ್ತ್ರಸಮ್ಮತವಾದದ್ದು. ಏಕೆಂಬುದನ್ನು ತಿಳಿಯಬೇಕಾದರೆ, ಗುಂಡಿಯೊತ್ತಿದ ಕ್ಷಣದಿಂದ ಯಂತ್ರದಲ್ಲಿ ನಡೆಯುವ ವ್ಯಾಪಾರವನ್ನು ಹಂತಹಂತವಾಗಿ ನೋಡಬೇಕು.

ಗುಂಡಿಯೊತ್ತಿದ ಮೇಲೆ ನಡೆಯುವುದೇನು?

ವಿದ್ಯುತ್ತು ದೊರೆತೊಡನೆ ಸಂಸ್ಕಾರಕವು ಒಂದು ನಿಯತ ವಿಳಾಸದಿಂದ ಮೊದಲ ಆದೇಶವನ್ನು ಓದುತ್ತದೆ. ೧೯೭೮ರ ಇಂಟೆಲ್ ೮೦೮೬ರಲ್ಲಿ ಆ ವಿಳಾಸ ೧ ಮೆಗಾಬೈಟಿನ ಅಂಚಿಗಿಂತ ೧೬ ಬೈಟುಗಳಷ್ಟು ಕೆಳಗಿತ್ತು. ಅದರ ೩೨ ಬಿಟ್ಟಿನ ವಂಶಜರಲ್ಲಿ ೪ ಗಿಗಾಬೈಟಿನ ಅಂಚಿಗಿಂತ ೧೬ ಬೈಟುಗಳಷ್ಟು ಕೆಳಗಿದೆ. ಅಲ್ಲಿರುವುದು ಡಿಸ್ಕಲ್ಲ, ಕಾರ್ಖಾನೆಯಲ್ಲಿಯೇ ಚಿಪ್ಪಿನೊಳಗೆ ಬರೆದಿಟ್ಟ ‘ಬಯಾಸ್’ ಎಂಬ ಸಣ್ಣ ಕ್ರಮವಿಧಿ. ವಿದ್ಯುತ್ತು ಹೋದರೂ ಇದು ಅಳಿಯುವುದಿಲ್ಲ. ನಮ್ಮ ದೃಷ್ಟಾಂತದಲ್ಲಿ ಇದೇ ಮೊದಲ ಚಮಚ ಹೆಪ್ಪು.

ಬಯಾಸ್ ಮೊದಲು ಸ್ಮೃತಿ, ಕೀಲಿಮಣೆ ಮೊದಲಾದ ಅಂಗಗಳನ್ನು ಪರೀಕ್ಷಿಸುತ್ತದೆ. ಬಳಿಕ ತನಗೆ ಕೊಟ್ಟಿರುವ ಸರದಿಯ ಪ್ರಕಾರ ಡ್ರೈವುಗಳನ್ನು ಒಂದೊಂದಾಗಿ ನೋಡುತ್ತ, ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಎಂದರೆ ಮೊದಲ ೫೧೨ ಬೈಟುಗಳನ್ನು, ಸ್ಮೃತಿಯ ೩೧,೭೪೪ನೆಯ ವಿಳಾಸಕ್ಕೆ ತಂದಿರಿಸುತ್ತದೆ. ಈ ೫೧೨ ಬೈಟುಗಳ ಹಂಚಿಕೆ ಹೀಗಿದೆ: ಮೊದಲ ೪೪೬ ಬೈಟುಗಳು ಆದೇಶಗಳಿಗೆ, ಮುಂದಿನ ೬೪ ಬೈಟುಗಳು ಡಿಸ್ಕಿನ ನಾಲ್ಕು ಭಾಗಗಳ ಪಟ್ಟಿಗೆ, ಭಾಗವೊಂದಕ್ಕೆ ೧೬ರಂತೆ, ಕೊನೆಯ ೨ ಬೈಟುಗಳು ಮುದ್ರೆಗೆ. ೪೪೬ + ೬೪ + ೨ = ೫೧೨. ಆ ಮುದ್ರೆಯ ಎರಡು ಬೈಟುಗಳ ಬೆಲೆ ೮೫ ಮತ್ತು ೧೭೦. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇವು ೦೧೦೧೦೧೦೧ ಮತ್ತು ೧೦೧೦೧೦೧೦ ಆಗುತ್ತವೆ. ಒಂದು ಇನ್ನೊಂದರ ಪ್ರತಿಬಿಂಬ. ಈ ಮುದ್ರೆ ಕಾಣದಿದ್ದರೆ ಸಾಮಾನ್ಯವಾಗಿ ಬಯಾಸ್ ಆ ಡ್ರೈವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ.

ಮುದ್ರೆ ಸರಿಯಿದ್ದರೆ ೪೪೬ ಬೈಟುಗಳ ಆದೇಶಗಳು ನಡೆಯತೊಡಗುತ್ತವೆ. ಅವು ಭಾಗಗಳ ಪಟ್ಟಿಯಲ್ಲಿ ‘ಸಕ್ರಿಯ’ ಎಂದು ಗುರುತು ಹಾಕಿದ ಭಾಗವನ್ನು ಹುಡುಕಿ, ಆ ಭಾಗದ ಮೊದಲ ಸೆಕ್ಟರನ್ನು ಓದಿ, ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತವೆ. ಆ ಸೆಕ್ಟರಿನ ಆದೇಶಗಳು ಅದೇ ಭಾಗದಲ್ಲಿ ‘ಎನ್‌ಟಿಎಲ್‌ಡಿಆರ್’ ಎಂಬ ಕಡತವನ್ನು ಅರಸುತ್ತವೆ. ಹೆಸರಿನ ಅರ್ಥ ಎನ್‌ಟಿಯನ್ನು ಏರಿಸುವವ ಎಂದು. ಎಕ್ಸ್‌ಪಿಯು ವಿಂಡೋಸ್ ಎನ್‌ಟಿಯ ವಂಶಕ್ಕೆ ಸೇರಿದ್ದು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ತಾಲೂಕು ಕಚೇರಿಗಳ ಗಣಕಗಳಲ್ಲಿ ನಡೆಯುತ್ತಿದ್ದುದೂ ಎನ್‌ಟಿಯೇ. ಆಳಂದ, ಅಫಜಲಪುರ, ಜೇವರ್ಗಿಯ ರೈತರು ಮೊದಲ ಬಾರಿಗೆ ಕೈಬರಹದ ಪಹಣಿಯ ಬದಲು ಮುದ್ರಿತ ಪಹಣಿಯನ್ನು ಪಡೆದದ್ದು ಆ ಕಾಲದಲ್ಲಿ.

ಎನ್‌ಟಿಎಲ್‌ಡಿಆರ್ ದೊರೆತ ಮೇಲೆ ಅದು ಎರಡು ಸಣ್ಣ ಕಡತಗಳ ನೆರವು ಪಡೆಯುತ್ತದೆ. ‘ಬೂಟ್.ಐಎನ್‌ಐ’ ಎಂಬುದು ವಿಂಡೋಸ್ ಯಾವ ಡಿಸ್ಕಿನ ಯಾವ ಭಾಗದಲ್ಲಿದೆಯೆಂಬ ವಿಳಾಸಪತ್ರ. ‘ಎನ್‌ಟಿಡಿಟೆಕ್ಟ್.ಕಾಮ್’ ಎಂಬುದು ಯಂತ್ರದ ಅಂಗಗಳನ್ನು ಎಣಿಸಿ ವರದಿ ಕೊಡುವ ಕ್ರಮವಿಧಿ. ಇವು ಮೂರೂ ಕೂಡಿ ವಿಂಡೋಸಿನ ತಿರುಳನ್ನು ಸ್ಮೃತಿಗೆ ತಂದರೆ ಹೆಪ್ಪು ಹತ್ತಿದಂತೆ.

ಈಗ ಅಂಗಡಿಯ ತೆರೆಯ ಮೇಲಿನ ಸಾಲನ್ನು ಮತ್ತೊಮ್ಮೆ ಓದೋಣ. ಎನ್‌ಟಿಎಲ್‌ಡಿಆರ್ ಇಲ್ಲವೆಂದು ಹೇಳಿದ್ದು ಯಾರು? ಸಕ್ರಿಯ ಭಾಗದ ಮೊದಲ ಸೆಕ್ಟರು. ಅದು ಮಾತನಾಡಿತೆಂದರೆ ಬಯಾಸ್ ಎದ್ದಿದೆ, ಒಂದು ಡ್ರೈವು ಓದಿಸಿಕೊಳ್ಳುತ್ತಿದೆ, ಮೊದಲ ೫೧೨ ಬೈಟುಗಳು ಸರಿಯಾಗಿವೆ ಎಂದಾಯಿತು. ಸರಪಣಿಯ ನಾಲ್ಕನೆಯ ಕೊಂಡಿ ಮಾತ್ರ ಕಾಣೆಯಾಗಿದೆ. ತತ್ತ್ವಪದಗಳು ಬಹುಶಃ ಇದ್ದಲ್ಲಿಯೇ ಸುರಕ್ಷಿತವಾಗಿವೆ. ಫಾರ್ಮ್ಯಾಟ್ ಮಾಡುವುದೆಂದರೆ, ಬೀಗದ ಕೈ ಕಳೆದುಹೋಯಿತೆಂದು ಮನೆಯನ್ನೇ ಕೆಡವಿದಂತೆ.

ಮೊದಲು ನೋಡತಕ್ಕ ಎರಡು ಸಂಗತಿಗಳು

ಹೊರಗಿನ ಡ್ರೈವನ್ನು ಮಾಡಹೊರಡುವ ಮುನ್ನ ಎರಡು ಸಣ್ಣ ಸಂಗತಿಗಳನ್ನು ಪರೀಕ್ಷಿಸತಕ್ಕದ್ದು.

ಒಂದು: ಯಂತ್ರಕ್ಕೆ ಯಾವುದಾದರೂ ಪೆನ್ ಡ್ರೈವ್ ಚುಚ್ಚಿದೆಯೆ? ಎಕ್ಸ್‌ಪಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿನ ಭಾಗದಲ್ಲಿಯೂ ಎನ್‌ಟಿಎಲ್‌ಡಿಆರನ್ನು ಅರಸುವ ಮೊದಲ ಸೆಕ್ಟರು ಇರುತ್ತದೆ. ಆದರೆ ಆ ಕಡತ ಅದರಲ್ಲಿರುವುದಿಲ್ಲ. ಬಯಾಸಿನ ಸರದಿಯಲ್ಲಿ ಪೆನ್ ಡ್ರೈವ್ ಮುಂದಿದ್ದರೆ ಇದೇ ಸಂದೇಶ ಬರುತ್ತದೆ. ಅದನ್ನು ಕಿತ್ತು ಮತ್ತೆ ಚಾಲೂ ಮಾಡಿದರೆ ಸಾಕು.

ಎರಡು: ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ೩ ವೋಲ್ಟಿನ ಕೋಶ ಬಲಗುಂದಿದೆಯೆ? ಬಯಾಸಿನ ಗಡಿಯಾರವನ್ನು ನಡೆಸುವುದೂ, ಡ್ರೈವುಗಳ ಸರದಿಯ ನೆನಪನ್ನು ಕಾಯುವುದೂ ಈ ಕೋಶ. ಇಪ್ಪತ್ತು ವರ್ಷದ ಯಂತ್ರದಲ್ಲಿ ಇದು ಬತ್ತಿರುವುದು ಸಾಮಾನ್ಯ. ವಿದ್ಯುತ್ತು ಪೂರಾ ಹೋದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಜಿಗಿದರೆ ಕೋಶ ಸತ್ತಿದೆಯೆಂದು ತಿಳಿಯಬೇಕು. ಗಡಿಯಾರದ ಅಂಗಡಿಯಲ್ಲಿ ಸಿಗುವ ಹೊಸ ಕೋಶವನ್ನು ಹಾಕಿ, ಸರದಿಯನ್ನು ಸರಿಪಡಿಸಬೇಕು. ಪೆಟ್ಟಿಗೆಯನ್ನು ತೆರೆಯುವ ಮುನ್ನ ಗೋಡೆಯ ಸಾಕೆಟ್ಟಿನಿಂದ ತಂತಿಯನ್ನು ಕಿತ್ತಿಡುವುದನ್ನು ಮರೆಯಕೂಡದು.

ಇವೆರಡರಿಂದಲೂ ಪ್ರಯೋಜನವಾಗದಿದ್ದರೆ ಹೊರಗಿನ ಹೆಪ್ಪಿಗೆ ಕೈಹಾಕಬೇಕು.

ಮೊದಲನೆಯ ಹೆಪ್ಪು: ಕಡತಗಳನ್ನು ತೆಗೆಯಲು

ನಮಗೆ ಬೇಕಾದದ್ದು ಎರಡು ಡ್ರೈವು. ಮೊದಲನೆಯದು, ಯಂತ್ರದ ಹಾರ್ಡ್ ಡಿಸ್ಕನ್ನು ಮುಟ್ಟದೆ ತಾನೇ ಪೂರ್ಣವಾಗಿ ನಡೆಯಬಲ್ಲ ಆಪರೇಟಿಂಗ್ ಸಿಸ್ಟಮ್ ಇರುವ ಪೆನ್ ಡ್ರೈವ್. ಇದನ್ನು ‘ಲೈವ್’ ಡ್ರೈವ್ ಎನ್ನುತ್ತಾರೆ. ೨೦೦೦ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ ನಾಪಿಕ್ಸ್ ಎಂಬ ಲಿನಕ್ಸ್ ಸಿ.ಡಿ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಲಿನಕ್ಸ್ ಉಚಿತವಾಗಿ ದೊರೆಯುವುದರಿಂದ ಪರವಾನಗಿಯ ತೊಡಕೂ ಇಲ್ಲ.

ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ಪೆಂಟಿಯಮ್ ೪ ಯಂತ್ರಗಳಲ್ಲಿ ಹೆಚ್ಚಿನವು ೩೨ ಬಿಟ್ಟಿನವು. ೬೪ ಬಿಟ್ಟಿನ ಲಿನಕ್ಸನ್ನು ಅವು ನಡೆಸಲಾರವು. ಇಂದು ಬಹುತೇಕ ಲಿನಕ್ಸ್ ಪ್ರಕಾರಗಳು ೩೨ ಬಿಟ್ಟನ್ನು ಕೈಬಿಟ್ಟಿವೆ. ಹಳೆಯ ಯಂತ್ರಗಳಿಗಾಗಿಯೇ ಸಿದ್ಧಪಡಿಸಿದ ಆಂಟಿಎಕ್ಸ್-೨೩ರಂಥ ಪ್ರಕಾರಗಳಲ್ಲಿ ೩೨ ಬಿಟ್ಟಿನ ಆವೃತ್ತಿ ಇದೆ. ಇದರ ‘ಇಮೇಜ್’ ಕಡತವನ್ನು ಆರೋಗ್ಯವಂತವಾದ ಬೇರೊಂದು ಗಣಕದಲ್ಲಿ ಇಳಿಸಿಕೊಳ್ಳಬೇಕು.

ಇಳಿಸಿಕೊಂಡ ಕಡತ ನಡುದಾರಿಯಲ್ಲಿ ಕೆಟ್ಟಿಲ್ಲವೆಂದು ಹೇಗೆ ತಿಳಿಯುವುದು? ಇದಕ್ಕೆ ‘ಶಾ-೨೫೬’ ಎಂಬ ಗಣಿತದ ಬೆರಳಚ್ಚು ಇದೆ. ಕಡತ ಎಷ್ಟೇ ದೊಡ್ಡದಿರಲಿ, ಅದರಿಂದ ೬೪ ಅಕ್ಷರಾಂಕಿಗಳ ಒಂದು ಸಂಕೇತವನ್ನು ಲೆಕ್ಕಹಾಕುತ್ತಾರೆ. ಕಡತದಲ್ಲಿ ಒಂದೇ ಒಂದು ಬಿಟ್ಟು ಬದಲಾದರೂ ಸಂಕೇತ ಗುರುತು ಸಿಗದಷ್ಟು ಬದಲಾಗುತ್ತದೆ. ತಯಾರಕರು ಪ್ರಕಟಿಸಿದ ಸಂಕೇತವೂ ನಾವು ಲೆಕ್ಕಹಾಕಿದ ಸಂಕೇತವೂ ಕೂಡಿದರೆ ಮಾತ್ರ ಮುಂದುವರಿಯಬೇಕು.

ಇನ್ನು ಬರೆಯುವ ಕೆಲಸ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿಯೇ. ಹಾಡನ್ನೋ ಚಿತ್ರವನ್ನೋ ನಕಲು ಮಾಡಿದಂತೆ ಇಮೇಜ್ ಕಡತವನ್ನು ಪೆನ್ ಡ್ರೈವಿಗೆ ನಕಲು ಮಾಡಿ, ಯಂತ್ರ ಏಳಲಿಲ್ಲವೆಂದು ಬೇಸರಪಡುತ್ತಾರೆ. ಬಯಾಸ್ ಕಡತಗಳನ್ನು ಅರಿಯದು; ಅದು ಬಲ್ಲದ್ದು ಮೊದಲ ಸೆಕ್ಟರನ್ನು ಮಾತ್ರ. ಹೆಪ್ಪಿನ ಬಟ್ಟಲನ್ನು ಹಾಲಿನ ಪಾತ್ರೆಯ ಪಕ್ಕದಲ್ಲಿಟ್ಟರೆ ಹಾಲು ಹೆಪ್ಪುಗಟ್ಟುವುದೆ? ಇಮೇಜಿನೊಳಗಿನ ಬೈಟುಗಳು ಡ್ರೈವಿನ ಮೊದಲ ಸೆಕ್ಟರಿನಿಂದ ಪ್ರಾರಂಭಿಸಿ ತಮ್ಮ ತಮ್ಮ ಸ್ಥಾನದಲ್ಲಿ ಕೂಡಬೇಕು. ಈ ಕೆಲಸಕ್ಕೆ ವಿಂಡೋಸಿನಲ್ಲಿ ರೂಫಸ್ ಎಂಬ ಉಚಿತ ಕ್ರಮವಿಧಿಯೂ, ಲಿನಕ್ಸಿನಲ್ಲಿ ಡಿಡಿ ಎಂಬ ಆದೇಶವೂ ಇವೆ.

ಕ್ರಮ ಹೀಗೆ:

೧. ಒಂದು ೮ ಗಿಗಾಬೈಟಿನ ಪೆನ್ ಡ್ರೈವನ್ನು ತೆಗೆದುಕೊಳ್ಳಿರಿ. ಅದರಲ್ಲಿರುವುದೆಲ್ಲ ಅಳಿಯುವುದರಿಂದ ಬೇಕಾದದ್ದನ್ನು ಮೊದಲೇ ಬೇರೆಡೆ ಇಡಿರಿ.

೨. ಗಣಕಕ್ಕೆ ಜೋಡಿಸಿದ ಉಳಿದೆಲ್ಲ ಹೊರ ಡ್ರೈವುಗಳನ್ನು ಕಳಚಿರಿ. ತಪ್ಪು ಡ್ರೈವನ್ನು ಆರಿಸಿದರೆ ಅದರಲ್ಲಿದ್ದದ್ದು ಮರಳಿ ಬರುವುದು ದುರ್ಲಭ. ಡ್ರೈವಿನ ಹೆಸರನ್ನೂ ಗಾತ್ರವನ್ನೂ ಎರಡು ಬಾರಿ ಓದಿರಿ.

೩. ರೂಫಸಿನಲ್ಲಿ ಭಾಗಗಳ ಪದ್ಧತಿ ‘ಎಂಬಿಆರ್’ ಎಂದೂ, ಗುರಿಯ ಯಂತ್ರ ‘ಬಯಾಸ್’ ಎಂದೂ ಆರಿಸಿರಿ. ನಾವು ಮೇಲೆ ನೋಡಿದ ೫೧೨ ಬೈಟುಗಳ ಏರ್ಪಾಟಿಗೇ ಎಂಬಿಆರ್ ಎಂದು ಹೆಸರು.

೪. ಬರೆದು ಮುಗಿಯುವವರೆಗೆ ಕಾಯಿರಿ. ‘ಸುರಕ್ಷಿತವಾಗಿ ಕಳಚು’ ಎಂಬ ಆದೇಶ ಕೊಟ್ಟ ಮೇಲೆಯೇ ಕೀಳಿರಿ.

೫. ಹಳೆಯ ಯಂತ್ರಕ್ಕೆ ಚುಚ್ಚಿ, ಚಾಲೂ ಮಾಡಿದೊಡನೆ ಡೆಲ್, ಎಫ್ ೨ ಅಥವಾ ಎಫ್ ೧೨ ಕೀಲಿಯನ್ನು ಒತ್ತಿ, ಸರದಿಯಲ್ಲಿ ಯುಎಸ್‌ಬಿ ಡ್ರೈವನ್ನು ಮುಂದಕ್ಕೆ ತನ್ನಿರಿ. ಯಾವ ಕೀಲಿಯೆಂಬುದು ಮೊದಲ ತೆರೆಯ ಕೆಳಗಡೆ ಸಾಮಾನ್ಯವಾಗಿ ಬರೆದಿರುತ್ತದೆ.

ಕೆಲವು ಹಳೆಯ ಬಯಾಸುಗಳಿಗೆ ಯುಎಸ್‌ಬಿಯಿಂದ ಏಳುವುದು ತಿಳಿಯದು. ಅಂಥಲ್ಲಿ ಅದೇ ಇಮೇಜನ್ನು ಡಿಸ್ಕಿಗೆ ಬರೆದು ಸಿ.ಡಿ. ಅಥವಾ ಡಿ.ವಿ.ಡಿ.ಯಿಂದ ಎಬ್ಬಿಸಬೇಕು. ಸಿ.ಡಿ.ಯ ಏರ್ಪಾಟು ಬೇರೆ ಬಗೆಯದು: ಅದರ ಸೆಕ್ಟರಿನಲ್ಲಿ ೨,೦೪೮ ಬೈಟುಗಳಿವೆ, ಅದರಿಂದ ಏಳುವ ಕ್ರಮವನ್ನು ೧೯೯೫ರ ‘ಎಲ್ ಟೊರಿಟೊ’ ಎಂಬ ಒಪ್ಪಂದ ಗೊತ್ತುಮಾಡಿತು. ಇಂದಿನ ಲಿನಕ್ಸ್ ಇಮೇಜುಗಳಲ್ಲಿ ಎರಡೂ ಏರ್ಪಾಟುಗಳನ್ನು ಒಟ್ಟಿಗೆ ಇಟ್ಟಿರುವುದರಿಂದ ಅವು ಎರಡೂ ಕಡೆ ಸಲ್ಲುತ್ತವೆ. ಎಕ್ಸ್‌ಪಿಯ ಸ್ಥಾಪನ ಸಿ.ಡಿ.ಯಲ್ಲಿ ಸಿ.ಡಿ.ಯ ಏರ್ಪಾಟು ಮಾತ್ರ ಇದೆ. ಆದುದರಿಂದಲೇ ಅದನ್ನು ಹಾಗೆಯೇ ಪೆನ್ ಡ್ರೈವಿಗೆ ಬರೆದರೆ ಏಳುವುದಿಲ್ಲ.

ಪ್ರತಿ ತೆಗೆಯುವುದು

ಲೈವ್ ಲಿನಕ್ಸ್ ಎದ್ದಿತೆನ್ನೋಣ. ಈಗ ಪ್ರತಿಯನ್ನು ಇಡಲು ಇನ್ನೊಂದು ಬಾಹ್ಯ ಹಾರ್ಡ್ ಡಿಸ್ಕ್ ಬೇಕು. ಇಲ್ಲಿ ಸ್ವಲ್ಪ ಭೌತವಿಜ್ಞಾನ ಉಪಯೋಗಕ್ಕೆ ಬರುತ್ತದೆ. ಯುಎಸ್‌ಬಿ ೨.೦ ಸಾಕೆಟ್ಟು ೫ ವೋಲ್ಟಿನಲ್ಲಿ ೫೦೦ ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ೫ × ೦.೫ = ೨.೫ ವ್ಯಾಟ್. ತಿರುಗುವ ಡಿಸ್ಕು ನಿಂತಲ್ಲಿಂದ ವೇಗ ಪಡೆಯುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಕೇಳಬಹುದು. ಆಗ ಡಿಸ್ಕು ಟಿಕ್ ಟಿಕ್ ಎನ್ನುತ್ತ ನಿಂತು ನಿಂತು ತಿರುಗುತ್ತದೆ. ಪೆಟ್ಟಿಗೆಯ ಮುಂದಿನ ಸಾಕೆಟ್ಟನ್ನು ಬಿಟ್ಟು, ನೇರವಾಗಿ ಮದರ್‌ಬೋರ್ಡಿಗೆ ಸೇರಿದ ಹಿಂದಿನ ಸಾಕೆಟ್ಟಿಗೆ ಗಿಡ್ಡ ತಂತಿಯಿಂದ ಜೋಡಿಸುವುದು, ಇಲ್ಲವೆ ಸ್ವಂತ ವಿದ್ಯುತ್ ಪೂರೈಕೆಯುಳ್ಳ ಡಿಸ್ಕನ್ನು ಬಳಸುವುದು ಇದಕ್ಕೆ ಪರಿಹಾರ.

ಬಾಹ್ಯ ಡಿಸ್ಕು ಎಫ್‌ಎಟಿ ೩೨ ಪದ್ಧತಿಯಲ್ಲಿ ಇರಕೂಡದು. ಆ ಪದ್ಧತಿಯಲ್ಲಿ ಕಡತದ ಗಾತ್ರವನ್ನು ೩೨ ಬಿಟ್ಟುಗಳಲ್ಲಿ ಬರೆಯುವುದರಿಂದ ಒಂದು ಕಡತ ೪ ಗಿಗಾಬೈಟನ್ನು ಮುಟ್ಟಲಾರದು. ನಾವು ತೆಗೆಯುವ ಪ್ರತಿಯಾದರೋ ೪೦ ಗಿಗಾಬೈಟಿನ ಒಂದೇ ಕಡತ. ಎನ್‌ಟಿಎಫ್‌ಎಸ್ ಪದ್ಧತಿ ಇದಕ್ಕೆ ಸಲ್ಲುತ್ತದೆ.

ಹಳೆಯ ಡಿಸ್ಕನ್ನು ‘ಓದಲು ಮಾತ್ರ’ ಎಂಬ ಕಟ್ಟಳೆಯಿಂದ ತೆರೆದು, ತತ್ತ್ವಪದಗಳ ಕಡತಗಳನ್ನು ಮೊಟ್ಟಮೊದಲು ನಕಲು ಮಾಡಿಕೊಳ್ಳಬೇಕು. ಬಳಿಕ ಇಡೀ ಡಿಸ್ಕಿನ ಸೆಕ್ಟರು ಸೆಕ್ಟರಿನ ಪ್ರತಿಯನ್ನು ತೆಗೆಯಬೇಕು. ಡಿಸ್ಕು ವಿಚಿತ್ರ ಶಬ್ದ ಮಾಡುತ್ತಿದ್ದರೆ ‘ಡಿಡಿರೆಸ್ಕ್ಯೂ’ ಎಂಬ ಕ್ರಮವಿಧಿ ಲೇಸು. ಅದು ಕೆಟ್ಟ ಸ್ಥಳಗಳನ್ನು ಬಿಟ್ಟು ಒಳ್ಳೆಯ ಸ್ಥಳಗಳನ್ನೆಲ್ಲ ಮೊದಲು ಓದಿಕೊಂಡು, ಆಮೇಲೆ ಕೆಟ್ಟವುಗಳಿಗೆ ಮರಳುತ್ತದೆ.

ಎಷ್ಟು ಹೊತ್ತು ಹಿಡಿದೀತು? ಯುಎಸ್‌ಬಿ ೨.೦ರಲ್ಲಿ ಸೆಕೆಂಡಿಗೆ ೨೫ ಮೆಗಾಬೈಟ್ ಸಾಗುತ್ತದೆಂದು ಹಿಡಿದರೆ ೪೦,೦೦೦ ÷ ೨೫ = ೧,೬೦೦ ಸೆಕೆಂಡು, ಸುಮಾರು ೨೭ ನಿಮಿಷ. ಯಂತ್ರ ಇನ್ನೂ ಹಳೆಯದಾಗಿ ಅದರಲ್ಲಿರುವುದು ಯುಎಸ್‌ಬಿ ೧.೧ ಆದರೆ, ಸೆಕೆಂಡಿಗೆ ೧ ಮೆಗಾಬೈಟಿನ ಲೆಕ್ಕದಲ್ಲಿ ೪೦,೦೦೦ ಸೆಕೆಂಡು, ೧೧ ಗಂಟೆಗೂ ಮೇಲೆ. ವಿದ್ಯುತ್ತು ಪದೇಪದೇ ಹೋಗುವ ಊರಿನಲ್ಲಿ ಈ ಲೆಕ್ಕ ಮುಖ್ಯವಾದದ್ದು. ಯು.ಪಿ.ಎಸ್. ಇಲ್ಲದೆ ಇಂಥ ಕೆಲಸಕ್ಕೆ ಕೈಹಾಕಬಾರದು.

ಕಡತಗಳ ಜೊತೆಗೆ ವಿಂಡೋಸಿನ ‘ಫಾಂಟ್ಸ್’ ಫೋಲ್ಡರಿನಲ್ಲಿರುವ ನುಡಿಯ ಅಕ್ಷರರೂಪಗಳನ್ನೂ ನಕಲು ಮಾಡಿಕೊಳ್ಳಬೇಕು. ಇದರ ಕಾರಣವನ್ನು ಮುಂದೆ ನೋಡೋಣ.

ಎರಡನೆಯ ಹೆಪ್ಪು: ಎಕ್ಸ್‌ಪಿಯನ್ನು ಎಬ್ಬಿಸಲು

ಪ್ರತಿ ಕೈಗೆ ಬಂದ ಮೇಲೆ ಎಕ್ಸ್‌ಪಿಯನ್ನು ಎಬ್ಬಿಸಲು ಯತ್ನಿಸಬಹುದು. ಕಾಣೆಯಾದ ಕೊಂಡಿ ಎನ್‌ಟಿಎಲ್‌ಡಿಆರ್ ತಾನೆ? ಆ ಕೊಂಡಿಯನ್ನು ಹೊರಗಿನಿಂದ ಕೊಟ್ಟರೆ ಒಳಗಿನ ವಿಂಡೋಸ್ ಏಳಬೇಕು. ಹಿಂದೆ ಇದನ್ನು ಒಂದು ಫ್ಲಾಪಿಯಿಂದ ಮಾಡುತ್ತಿದ್ದರು. ಇಂದು ಸಣ್ಣ ಪೆನ್ ಡ್ರೈವ್ ಸಾಕು.

೧. ಪೆನ್ ಡ್ರೈವನ್ನು ಎಫ್‌ಎಟಿ ೩೨ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ, ಅದರ ಭಾಗಕ್ಕೆ ‘ಸಕ್ರಿಯ’ ಗುರುತು ಹಾಕಿರಿ. ವಿಂಡೋಸಿನ ಡಿಸ್ಕ್‌ಪಾರ್ಟ್ ಎಂಬ ಕ್ರಮವಿಧಿಯಿಂದ ಇದಾಗುತ್ತದೆ.

೨. ಮೊದಲ ಸೆಕ್ಟರುಗಳು ಎನ್‌ಟಿಎಲ್‌ಡಿಆರನ್ನು ಅರಸುವಂತೆ ಮಾಡಿರಿ. ಹೊಸ ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವು ಎನ್‌ಟಿಎಲ್‌ಡಿಆರನ್ನಲ್ಲ, ‘ಬೂಟ್‌ಎಂಜಿಆರ್’ ಎಂಬ ಹೊಸ ಕಡತವನ್ನು ಅರಸುತ್ತದೆ. ವಿಂಡೋಸ್ ೭ರ ಸ್ಥಾಪನ ಡಿಸ್ಕಿನಲ್ಲಿರುವ ‘ಬೂಟ್‌ಸೆಕ್ಟ್’ ಕ್ರಮವಿಧಿಗೆ ‘ಎನ್‌ಟಿ೫೨’ ಎಂಬ ಆಯ್ಕೆಯನ್ನು ಕೊಟ್ಟರೆ ಹಳೆಯ ಬಗೆಯ ಸೆಕ್ಟರು ಬರೆಯಲ್ಪಡುತ್ತದೆ. ‘ಎಂಬಿಆರ್’ ಎಂಬ ಆಯ್ಕೆಯನ್ನೂ ಜೊತೆಗೆ ಕೊಡಬೇಕು.

೩. ಎಕ್ಸ್‌ಪಿಯ ಸ್ಥಾಪನ ಸಿ.ಡಿ.ಯ ‘ಐ೩೮೬’ ಫೋಲ್ಡರಿನಿಂದ ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್.ಕಾಮ್ ಎಂಬ ಎರಡು ಕಡತಗಳನ್ನು ಪೆನ್ ಡ್ರೈವಿನ ಹೊರಮಟ್ಟದಲ್ಲಿಯೇ, ಯಾವ ಫೋಲ್ಡರಿನೊಳಗೂ ಇಡದೆ, ನಕಲು ಮಾಡಿರಿ.

೪. ಮೂರನೆಯ ಕಡತವಾದ ಬೂಟ್.ಐಎನ್‌ಐಯನ್ನು ನೋಟ್‌ಪ್ಯಾಡಿನಲ್ಲಿ ನಾವೇ ಬರೆಯಬೇಕು. ಅದರಲ್ಲಿಯ ವಿಳಾಸದ ರೂಪ ಹೀಗಿರುತ್ತದೆ: ಮಲ್ಟಿ(೦)ಡಿಸ್ಕ್(೦)ಆರ್‌ಡಿಸ್ಕ್(೧)ಪಾರ್ಟಿಷನ್(೧), ಅದರ ಮುಂದೆ ವಿಂಡೋಸ್ ಫೋ಼ಲ್ಡರಿನ ಹೆಸರು. ಕಡತದಲ್ಲಿ ಇದನ್ನು ರೋಮನ್ ಅಕ್ಷರ ಮತ್ತು ಅಂಕೆಗಳಲ್ಲಿಯೇ ಬರೆಯಬೇಕು.

ಈ ವಿಳಾಸದಲ್ಲಿ ‘ಆರ್‌ಡಿಸ್ಕ್’ ಎಂಬುದು ಡಿಸ್ಕಿನ ಸಂಖ್ಯೆ. ಎಣಿಕೆ ಸೊನ್ನೆಯಿಂದ ಪ್ರಾರಂಭ. ‘ಪಾರ್ಟಿಷನ್’ ಎಂಬುದು ಭಾಗದ ಸಂಖ್ಯೆ. ಇದರ ಎಣಿಕೆ ಒಂದರಿಂದ ಪ್ರಾರಂಭ. ಯಂತ್ರ ತಾನಾಗಿ ಏಳುವಾಗ ಒಳಗಿನ ಡಿಸ್ಕೇ ಸೊನ್ನೆಯದು. ಪೆನ್ ಡ್ರೈವಿನಿಂದ ಏಳುವಾಗ ಪೆನ್ ಡ್ರೈವೇ ಸೊನ್ನೆಯದಾಗಿ, ಒಳಗಿನ ಡಿಸ್ಕು ಒಂದನೆಯದಾಗುತ್ತದೆ. ಈ ಸಂಖ್ಯೆ ತಪ್ಪಿದರೆ ‘ಎಚ್‌ಎಎಲ್.ಡಿಎಲ್‌ಎಲ್’ ಎಂಬ ಕಡತ ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂಬ ಸಂದೇಶ ಬರುತ್ತದೆ. ಹೆದರಬೇಕಾದದ್ದಿಲ್ಲ. ಆ ಕಡತ ಎಲ್ಲಿಯೂ ಹೋಗಿರುವುದಿಲ್ಲ. ತಪ್ಪು ಮನೆಯ ಬಾಗಿಲು ಬಡಿದು, ಬೇಕಾದವರು ಇಲ್ಲವೆಂದು ತಿಳಿದಂತೆ. ಸೊನ್ನೆಯದೊಂದು, ಒಂದರದೊಂದು, ಹೀಗೆ ಎರಡು ಸಾಲುಗಳನ್ನು ಬರೆದಿಟ್ಟರೆ ಪ್ರಾರಂಭದಲ್ಲಿಯೇ ಬೇಕಾದುದನ್ನು ಆರಿಸಿಕೊಳ್ಳಬಹುದು.

ಎಕ್ಸ್‌ಪಿ ಎದ್ದ ಮೇಲೆ ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್ ಕಡತಗಳನ್ನು ಸಿ ಡ್ರೈವಿನ ಹೊರಮಟ್ಟಕ್ಕೆ ನಕಲು ಮಾಡಬೇಕು. ಅಲ್ಲಿಯ ಬೂಟ್.ಐಎನ್‌ಐ ಕೂಡ ಅಳಿದಿದ್ದರೆ ಆರ್‌ಡಿಸ್ಕ್ ಸೊನ್ನೆಯೆಂದಿರುವ ಸಾಲಿನ ಹೊಸದೊಂದನ್ನು ಬರೆದಿಡಬೇಕು. ಮರುದಿನದಿಂದ ಮನೆಯ ಹೆಪ್ಪೇ ಮನೆಗೆ ಸಾಕು.

ಇಡೀ ಎಕ್ಸ್‌ಪಿಯನ್ನೇ ಹೊರಗಿಡಬಹುದೆ?

ಇಷ್ಟೆಲ್ಲ ಏಕೆ, ಎಕ್ಸ್‌ಪಿಯನ್ನೇ ಸಂಪೂರ್ಣವಾಗಿ ಬಾಹ್ಯ ಡಿಸ್ಕಿನಲ್ಲಿ ಸ್ಥಾಪಿಸಿದರೆ ಯಾವ ಯಂತ್ರದಲ್ಲಿ ಬೇಕಾದರೂ ನಡೆಸಬಹುದಲ್ಲ ಎಂದು ವಾಚಕರು ಕೇಳಬಹುದು. ಎಕ್ಸ್‌ಪಿಯ ರಚನೆ ಇದಕ್ಕೆ ಒಪ್ಪುವುದಿಲ್ಲ. ಪ್ರಾರಂಭದಲ್ಲಿ ಬಯಾಸಿನ ಸಹಾಯದಿಂದ ಅದು ಡಿಸ್ಕನ್ನು ಓದುತ್ತದೆ. ನಡುವೆ ಬಯಾಸನ್ನು ಕೈಬಿಟ್ಟು ತನ್ನ ಸ್ವಂತ ಯುಎಸ್‌ಬಿ ಚಾಲಕಗಳನ್ನು ಏರಿಸುತ್ತದೆ. ಆ ಚಾಲಕಗಳು ಯುಎಸ್‌ಬಿಯ ಎಲ್ಲ ಜೋಡಣೆಗಳನ್ನೂ ಒಮ್ಮೆ ಕಡಿದು ಹೊಸದಾಗಿ ಪ್ರಾರಂಭಿಸುತ್ತವೆ. ಆಗ ತಾನು ಕುಳಿತ ಕೊಂಬೆಯನ್ನು ತಾನೇ ಕಡಿದವನ ಗತಿ ಎಕ್ಸ್‌ಪಿಗೆ ಒದಗುತ್ತದೆ. ಬೂಟ್ ಸಾಧನ ಕಾಣಿಸುತ್ತಿಲ್ಲವೆಂಬ ಸಂದೇಶ ನೀಲಿ ತೆರೆಯ ಮೇಲೆ ಮೂಡುತ್ತದೆ. ಲಿನಕ್ಸ್ ಬೇಕಾದ ಚಾಲಕಗಳನ್ನು ಮೊದಲೇ ಸ್ಮೃತಿಯಲ್ಲಿಟ್ಟುಕೊಂಡು ಡ್ರೈವು ಮತ್ತೆ ಕಾಣುವವರೆಗೆ ಕಾಯುವುದರಿಂದ ಅದಕ್ಕೆ ಈ ಸಂಕಟವಿಲ್ಲ.

ಇನ್ನು ಇಂದಿನ ಹೊಸ ಗಣಕಗಳಲ್ಲಿ ಬಯಾಸಿನ ಸ್ಥಾನಕ್ಕೆ ‘ಯುಇಎಫ್‌ಐ’ ಬಂದಿದೆ. ಇದು ಮೊದಲ ಸೆಕ್ಟರಿನ ಆದೇಶಗಳನ್ನು ನಡೆಸದೆ, ಎಫ್‌ಎಟಿ ಪದ್ಧತಿಯ ಭಾಗದಲ್ಲಿ ನಿಯತ ಹೆಸರಿನ ಕಡತವನ್ನು ಹುಡುಕಿ ನಡೆಸುತ್ತದೆ. ೩೨ ಬಿಟ್ಟಿನ ಎಕ್ಸ್‌ಪಿಗೆ ಈ ಭಾಷೆಯೇ ತಿಳಿಯದು. ಆದುದರಿಂದ ಹೊಸ ಯಂತ್ರದಲ್ಲಿ ಹಳೆಯ ಎಕ್ಸ್‌ಪಿಯನ್ನು ನಡೆಸಲು ಯೋಗ್ಯವಾದ ಮಾರ್ಗವೆಂದರೆ ವರ್ಚುವಲ್‌ಬಾಕ್ಸ್‌ನಂಥ ಕ್ರಮವಿಧಿಯೊಳಗೆ ಒಂದು ಕಲ್ಪಿತ ಯಂತ್ರವನ್ನು ರಚಿಸಿ, ಅದರಲ್ಲಿ ಎಕ್ಸ್‌ಪಿಯನ್ನು ಸ್ಥಾಪಿಸುವುದು. ಇದಕ್ಕೆ ಅಂಗಡಿಯವರ ಬಳಿ ಸರಿಯಾದ ಪರವಾನಗಿ ಇರಬೇಕು. ಗುರುತಿಲ್ಲದ ಜಾಲತಾಣಗಳಲ್ಲಿ ದೊರೆಯುವ ಎಕ್ಸ್‌ಪಿಯ ಪ್ರತಿಗಳು ನ್ಯಾಯಕ್ಕೂ ವಿರುದ್ಧ, ರೋಗಕ್ಕೂ ಮೂಲ.

ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು ೨೦೧೪ರ ಏಪ್ರಿಲ್ ೮ರಂದು ನಿಂತವು. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು ನಿಂತವು. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಲೋಕವನ್ನು ವ್ಯಾಪಿಸಿದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ವಿಶೇಷವಾಗಿ ಒಂದು ತಿದ್ದುಪಡಿಯನ್ನು ಕೊಡಬೇಕಾಯಿತು. ಎಬ್ಬಿಸಿದ ಹಳೆಯ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಕೂಡದು.

ಅಕ್ಷರಗಳ ಮಾತು

ಕಡತಗಳು ಕೈಗೆ ಬಂದವು. ಹೊಸ ಗಣಕದಲ್ಲಿ ತೆರೆದರೆ ತತ್ತ್ವಪದಗಳ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿತೆಂದು ಎಷ್ಟೋ ಜನ ಇಲ್ಲಿಯೇ ಅಳಿಸಿಬಿಡುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಒಂದು ಬೈಟಿನಲ್ಲಿ ೨೫೬ ಸಂಖ್ಯೆಗಳಿಗೆ ಮಾತ್ರ ಸ್ಥಳವುಂಟು. ಹಳೆಯ ನುಡಿಯಲ್ಲಿ ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಒತ್ತುಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂಡಿಸಿದ್ದರು. ಗಣಕ ನೆನಪಿಟ್ಟದ್ದು ರೋಮನ್ ಸಂಖ್ಯೆಗಳನ್ನು. ಅದಕ್ಕೆ ಕನ್ನಡದ ವೇಷ ತೊಡಿಸಿದ್ದು ನುಡಿಯ ಅಕ್ಷರರೂಪ. ಆ ಅಕ್ಷರರೂಪವಿಲ್ಲದೆ ವೇಷ ಕಳಚುತ್ತದೆ. ಅದನ್ನೂ ನಕಲು ಮಾಡಿಕೊಳ್ಳಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಸ್ವಂತ ಕೇರಿಯಿದೆ. ‘ಕ’ ಎಂಬ ಅಕ್ಷರದ ಸಂಖ್ಯೆ ೩,೨೨೧. ಅದು ಲೋಕದಲ್ಲಿ ಎಲ್ಲಿ ಹೋದರೂ ‘ಕ’ ಆಗಿಯೇ ಉಳಿಯುತ್ತದೆ. ಪೇಜ್‌ಮೇಕರ್ ೭ ಯೂನಿಕೋಡನ್ನು ಅರಿಯದು. ಆದುದರಿಂದ ಎಬ್ಬಿಸಿದ ಎಕ್ಸ್‌ಪಿಯಲ್ಲಿ ಪೇಜ್‌ಮೇಕರಿನಿಂದ ಪಠ್ಯವನ್ನು ಹೊರತೆಗೆದು, ಪರಿವರ್ತಕ ಕ್ರಮವಿಧಿಯಿಂದ ಯೂನಿಕೋಡಿಗೆ ತಿರುಗಿಸಿ, ಅಚ್ಚಾದ ಪ್ರತಿಯೊಂದು ಸಿಕ್ಕರೆ ಅದರೊಡನೆ ಸಾಲುಸಾಲಾಗಿ ಹೋಲಿಸಬೇಕು. ಅರ್ಕಾವೊತ್ತು, ಒತ್ತಕ್ಷರಗಳ ಕಡೆ ಪರಿವರ್ತಕಗಳು ತಪ್ಪುವುದುಂಟು. ಹಾಡಿನ ಪಾಠದಲ್ಲಿ ಒಂದು ಒತ್ತು ಬಿದ್ದುಹೋದರೆ ಅರ್ಥವೇ ಬೇರೆಯಾದೀತು. ಸಿದ್ಧವಾದ ಪಠ್ಯದ ಒಂದು ಪ್ರತಿ ಅಂಗಡಿಯಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ, ಮೂರನೆಯದು ಹಾಡಿದವರ ಊರಿನ ಶಾಲೆಯಲ್ಲಿರಲಿ.

ನಿಮ್ಮ ಊರಿನಲ್ಲಿಯೂ ಇಂಥ ಯಂತ್ರವೊಂದು ಹಳೆಯ ಅಚ್ಚುಕೂಟದ ಮೂಲೆಯಲ್ಲಿಯೋ, ನಿವೃತ್ತ ಮಾಸ್ತರರ ಮನೆಯ ಅಟ್ಟದ ಮೇಲೆಯೋ ಧೂಳು ಹಿಡಿದು ಕುಳಿತಿರಬಹುದು. ಅದನ್ನು ಗುಜರಿಯವನಿಗೆ ತೂಗಿ ಕೊಡುವ ಮುನ್ನ ಒಂದು ಭಾನುವಾರವನ್ನೂ ಎರಡು ಪೆನ್ ಡ್ರೈವುಗಳನ್ನೂ ಅದಕ್ಕಾಗಿ ಮೀಸಲಿಡಿರಿ. ಒಡೆಯರ ಅನುಮತಿ ಪಡೆಯಿರಿ, ಮೊದಲು ಪ್ರತಿ ತೆಗೆಯಿರಿ, ರಿಪೇರಿಯ ಮಾತು ಆಮೇಲೆ.

ಅಭ್ಯಾಸ

೧. ಎಂಬಿಆರ್ ಪಟ್ಟಿಯಲ್ಲಿ ಸೆಕ್ಟರಿನ ಸಂಖ್ಯೆಯನ್ನು ೩೨ ಬಿಟ್ಟುಗಳಲ್ಲಿ ಬರೆಯುತ್ತಾರೆ. ಸೆಕ್ಟರಿಗೆ ೫೧೨ ಬೈಟಿನಂತೆ ಈ ಪದ್ಧತಿ ಎಷ್ಟು ದೊಡ್ಡ ಡಿಸ್ಕನ್ನು ಆಳಬಲ್ಲದು?

೨. ಪೆನ್ ಡ್ರೈವಿನಲ್ಲಿ ಮೂರು ಕಡತಗಳೂ ಸರಿಯಾಗಿವೆ. ಆದರೆ ಭಾಗಕ್ಕೆ ಸಕ್ರಿಯ ಗುರುತು ಹಾಕಿಲ್ಲ. ಸರಪಣಿ ಎಲ್ಲಿ ನಿಲ್ಲುತ್ತದೆ?

೩. ೮೦ ಗಿಗಾಬೈಟಿನ ಡಿಸ್ಕನ್ನು ಸೆಕೆಂಡಿಗೆ ೧ ಮೆಗಾಬೈಟಿನಂತೆ ನಕಲು ಮಾಡಲು ಎಷ್ಟು ಗಂಟೆ ಬೇಕು?

ಉತ್ತರಗಳು: (೧) ೨ರ ೩೨ನೆಯ ಘಾತವನ್ನು ೫೧೨ರಿಂದ ಗುಣಿಸಿದರೆ ೨,೧೯೯,೦೨೩,೨೫೫,೫೫೨ ಬೈಟು, ಸುಮಾರು ೨.೨ ಲಕ್ಷ ಕೋಟಿ. (೨) ಮೊದಲ ಸೆಕ್ಟರಿನ ೪೪೬ ಬೈಟುಗಳ ಆದೇಶಗಳಲ್ಲಿ. ಮುಂದೆ ಯಾರಿಗೆ ಅಧಿಕಾರ ಒಪ್ಪಿಸಬೇಕೆಂಬುದು ಅವಕ್ಕೆ ತಿಳಿಯುವುದಿಲ್ಲ. (೩) ೮೦,೦೦೦ ಸೆಕೆಂಡು. ೨೨ ಗಂಟೆಗೆ ಸ್ವಲ್ಪ ಮೇಲೆ.